ಕಚೇರಿಗೆ ಹೋಗುವ ಬುತ್ತಿ

ರೊಟ್ಟಿ ತಟ್ಟುವಾಗ ಮಾಯವ್ವನ ಬಲಗೈಯ ಗಾಯ ಮತ್ತೆ ಬಾಯಿ ಬಿಟ್ಟಿತು. ಹಿಟ್ಟಿನ ಮೇಲೆ ಬಿದ್ದ ಸಣ್ಣ ಕೆಂಪು ಗೆರೆಯನ್ನು ನೋಡಿ, ಅಷ್ಟನ್ನು ಚಿವುಟಿ ಒಲೆಗೆ ಎಸೆದಳು. ಅಂಗೈಗೆ ಒಣಹಿಟ್ಟು ಒತ್ತಿಕೊಂಡು ಮತ್ತೆ ತಟ್ಟತೊಡಗಿದಳು. ಹೊರಗೆ ಕಟ್ಟೆಯ ಮೇಲೆ ಲಕ್ಕಪ್ಪ ರುಮಾಲು ಸುತ್ತಿಕೊಂಡು ಆಗಲೇ ತಯಾರಾಗಿ ಕೂತಿದ್ದ. ಹುಕ್ಕೇರಿಗೆ ಎರಡು ಹರದಾರಿ ದಾರಿ. ಬಿಸಿಲೇರುವ ಮೊದಲು ಹೋಗಿ ಮುಟ್ಟಬೇಕು. ಕಚೇರಿಯ ಹಿಂದಿನ ಲಾಕಪ್ಪಿನಲ್ಲಿರುವ ಅವನ ಕಿರಿಯ ಹೆಂಡತಿ ಶೆಟ್ಟೆವ್ವನಿಗೆ ಬುತ್ತಿ ಕೊಡಬೇಕು.

"ಆತೇನ?"

"ಉರಿ ಹತ್ತಬೇಕಲ್ರಿ. ನಾನ ಹೋಗಿ ಒಲಿಯೊಳಗ ಕುಂದರಲೇನು?"

ಅವನು ಸುಮ್ಮನಾದ. ಯಾವಾಗಲೂ ಹಾಗೆಯೇ. ಹತ್ತು ವರ್ಷದ ಸಂಸಾರದಲ್ಲಿ ಲಕ್ಕಪ್ಪ ಆಡಿದ ಮಾತುಗಳನ್ನೆಲ್ಲ ಒಂದು ಸೆರಗಿನಲ್ಲಿ ಕಟ್ಟಬಹುದಿತ್ತು. ಅಂಥ ಗಂಡಸು ಇಪ್ಪತ್ತೊಂದು ದಿನದಿಂದ, ಒಂದು ದಿನವೂ ತಪ್ಪಿಸದೆ, ಬುತ್ತಿ ಹೊತ್ತುಕೊಂಡು ಹೋಗಿ ಬರುತ್ತಿದ್ದ. ಅವನ ಕುರಿಗಳನ್ನು ಕಾಯುವವಳು ಮಾಯವ್ವ. ಆ ಬುತ್ತಿಯ ರೊಟ್ಟಿ ಬಡಿಯುವವಳೂ ಮಾಯವ್ವ.

ರೊಟ್ಟಿಗೆ ನಂಜಿಕೊಳ್ಳುವ ಗುರೆಳ್ಳ ಹಿಂಡಿಯನ್ನು ಎಲೆಯಲ್ಲಿ ಕಟ್ಟುವ ಮೊದಲು ಅವಳು ಕೈ ತಡೆದಳು. ಬಾಗಿಲ ಕಡೆ ನೋಡಿ, ಖಾರದಪುಡಿಯ ಗಡಿಗೆಯಿಂದ ಇನ್ನೊಂದು ಹಿಡಿ ತೆಗೆದು ಹಿಂಡಿಗೆ ಕಲಸಿದಳು. ಅದರ ಘಾಟಿಗೆ ಅವಳಿಗೇ ಸೀನು ಬಂತು. ಉಣ್ಣಲಿ, ಎಂದುಕೊಂಡಳು.

ಶೆಟ್ಟೆವ್ವನನ್ನು ಈ ಮನೆಗೆ ತಂದವಳು ಮಾಯವ್ವನೇ. ಮದುವೆಯಾಗಿ ಎಂಟು ವರ್ಷವಾದರೂ ತೊಟ್ಟಿಲು ಕಟ್ಟಲಿಲ್ಲವೆಂದು ಘೋಡಗೇರಿಯ ಕುರುಬರ ಓಣಿಯೆಲ್ಲ ಆಡಿಕೊಳ್ಳುವ ಹೊತ್ತಿಗೆ, ಬೇರೆ ಯಾರೋ ತರುವುದಕ್ಕಿಂತ ತಾನೇ ನೋಡಿ ತರುವುದು ಮೇಲೆಂದು ಯಮಕನಮರಡಿಗೆ ಹೋಗಿದ್ದಳು. ಅಲ್ಲಿ ಮೂವರು ಹುಡುಗಿಯರನ್ನು ತೋರಿಸಿದರು. ಮಾಯವ್ವ ಬೇಕೆಂದೇ ಮೆಳ್ಳಗಣ್ಣಿನವಳನ್ನು ಆರಿಸಿದಳು. ಮಕ್ಕಳನ್ನು ಹೆತ್ತರೆ ಸಾಕು, ಗಂಡನ ಮನಸ್ಸು ಅತ್ತ ಹರಿಯುವುದು ಬೇಡ ಎಂಬ ಲೆಕ್ಕ ಅದು. ಎರಡು ವರ್ಷವಾಯಿತು. ಮಕ್ಕಳು ಅವಳಿಗೂ ಆಗಲಿಲ್ಲ. ಅದು ಮಾಯವ್ವ ಯಾರಿಗೂ ಹೇಳದ ಒಂದು ಸಮಾಧಾನ. ಆದರೆ ಆ ಮೆಳ್ಳಗಣ್ಣೇ ಲಕ್ಕಪ್ಪನಿಗೆ ನಗು ತರಿಸುತ್ತಿತ್ತು. ಶೆಟ್ಟೆವ್ವ ಅವನನ್ನು ನೋಡುತ್ತಿದ್ದಾಳೋ ಕುರಿಯನ್ನು ನೋಡುತ್ತಿದ್ದಾಳೋ ತಿಳಿಯದೆ ಅವನು ಹಿಂತಿರುಗಿ ನೋಡುತ್ತಿದ್ದ. ಆಗ ಇಬ್ಬರೂ ನಗುತ್ತಿದ್ದರು.

ಅವಳು ಬುತ್ತಿಯ ಗಂಟನ್ನು ಬಿಗಿಯಾಗಿ ಬಿಗಿದು, ಹೊರಗೆ ಬಂದು ಅವನ ಮುಂದಿಟ್ಟಳು. ಅವನ ಕಣ್ಣು ಅವಳ ಅಂಗೈಯ ಮೇಲೆ ಒಂದು ಚಣ ನಿಂತು, ಸರಿಯಿತು. ಏನೂ ಕೇಳಲಿಲ್ಲ. ಇಪ್ಪತ್ತೊಂದು ದಿನದಿಂದಲೂ ಕೇಳಿರಲಿಲ್ಲ.

ಆ ಗಾಯ ಕೊಂಡವಾಡದ, ಬೆಳೆ ಮೇಯ್ದ ದನ ಕುರಿ ಕೂಡಿಹಾಕುವ ಸರಕಾರಿ ದೊಡ್ಡಿಯ, ಬಾಗಿಲಿನದು. ಲಕ್ಕಪ್ಪ ಕಂಬಳಿ ಮಾರಲು ಮೂಡಲಗಿಯ ಸಂತೆಗೆ ಹೋಗಿದ್ದ. ಯುದ್ಧದ ದಂಡಿನವರಿಗೆ ಕಂಬಳಿ ಬೇಕೆಂದು ವ್ಯಾಪಾರಿಗಳು ಕೇಳಿದ ಬೆಲೆಗೆ ಕೊಳ್ಳುತ್ತಿದ್ದ ಕಾಲ. ಅವನಿಲ್ಲದಾಗ ಕುರಿಗಳು ಯಾರದೋ ಕಡಲೆ ಹೊಲಕ್ಕೆ ನುಗ್ಗಿದುವು. ಹೊಲದವರು ಹದಿನೆಂಟು ಕುರಿಗಳನ್ನು ಹೊಡೆದುಕೊಂಡು ಹೋಗಿ ಕೊಂಡವಾಡಕ್ಕೆ ಹಾಕಿದರು. ಎಲ್ಲವೂ ಈದ ಕುರಿಗಳು. ಮರಿಗಳು ಮನೆಯ ಹಟ್ಟಿಯಲ್ಲಿ ಉಳಿದಿದ್ದುವು. ಎರಡು ದಿನ ಅವು ಒದರಿದ ದನಿಗೆ ಮಾಯವ್ವನಿಗೆ ಅನ್ನ ಸೇರಲಿಲ್ಲ. ಕೊಂಡವಾಡದ ಆಚೆಯಿಂದ ತಾಯಂದಿರು ಒದರುತ್ತಿದ್ದುವು. ಅವುಗಳ ಕೆಚ್ಚಲು ಕಲ್ಲಾಗಿ ಹಾಲು ತಾನಾಗಿಯೇ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಮೂರನೆಯ ದಿನ ದೀಪ ಹಚ್ಚುವ ಹೊತ್ತಿಗೆ ಮಾಯವ್ವ ಗಂಡನ ಕಂಬಳಿಯನ್ನು ತಲೆಗೆ ಕೊಪ್ಪೆ ಹಾಕಿಕೊಂಡು ಹೋಗಿ, ಬಾಗಿಲಿಗೆ ಅಡ್ಡ ಹಾಕಿದ್ದ ಗಳವನ್ನು ಎತ್ತಿದಳು. ಕೊಂಡವಾಡ ಕಾಯುವ ಸಾತಪ್ಪ ಓಡಿಬಂದು ಗಳದ ಇನ್ನೊಂದು ತುದಿ ಹಿಡಿದ. ಎಳೆದಾಟದಲ್ಲಿ ಗಳ ಅವನ ಕಾಲ ಮೇಲೆ ಬಿದ್ದು ಮೂಳೆ ಮುರಿಯಿತು. ಬಾಗಿಲಿಗೆ ಬಡಿದಿದ್ದ ತಗಡು ಅವಳ ಅಂಗೈ ಸೀಳಿತು. ಕುರಿಗಳು ಮನೆಯ ಕಡೆ ಓಡಿದುವು, ಕಂಬಳಿ ಅಲ್ಲೇ ಬಿತ್ತು. ಸಾತಪ್ಪ ಮುಖ ನೋಡಿರಲಿಲ್ಲ. ಕಂಬಳಿಯ ಗುರುತು ಹಿಡಿದು, ಲಕ್ಕಪ್ಪನ ಹೇಂತಿ ಎಂದಷ್ಟೇ ಹೇಳಿದ.

ಮರುದಿನ ಬಂದ ಫೌಜದಾರ ಅಂಗಳದಲ್ಲಿ ನಿಂತು ಕೇಳಿದ್ದು ಒಂದೇ ಮಾತು: "ಲಕ್ಕಪ್ಪನ ಹೇಂತಿ ಯಾಕಿ?"

ಮಾಯವ್ವ ಹಟ್ಟಿಯಲ್ಲಿದ್ದಳು, ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡು. ಬಾಗಿಲಲ್ಲಿ ಸೊಂಟದ ಮೇಲೆ ಕೊಡ ಇಟ್ಟುಕೊಂಡು ನಿಂತಿದ್ದ ಶೆಟ್ಟೆವ್ವ ತಡಮಾಡದೆ, "ನಾನ್ರಿ" ಅಂದಳು.

ಆ ದನಿಯಲ್ಲಿ ಹೆದರಿಕೆ ಇರಲಿಲ್ಲ. ಇದ್ದದ್ದು ಒಂದು ಬಗೆಯ ಖುಷಿ. ಮಾಯವ್ವನಿಗೆ ಕೇಳಿಸಿದ್ದು ಅದೇ. ಎರಡು ವರ್ಷದಿಂದ ಓಣಿಯವರು ಒಬ್ಬಳನ್ನು ಹಿರೇಕಿ, ಇನ್ನೊಬ್ಬಳನ್ನು ಸಣ್ಣಾಕಿ ಅನ್ನುತ್ತಿದ್ದರು. ಲಕ್ಕಪ್ಪನ ಹೇಂತಿ ಎಂದು ಯಾರೂ ಯಾರನ್ನೂ ಕರೆದಿರಲಿಲ್ಲ. ನೀನ ಹೇಂತಿ ಆದರ ನೀನ ಹೋಗು ಎಂದು ಮಾಯವ್ವನ ಒಳಗೆ ಏನೋ ಕಚ್ಚಿಕೊಂಡಿತು. ಅದು ಸಡಿಲಾಗಿ ಅವಳು ಅಂಗಳಕ್ಕೆ ಬರುವ ಹೊತ್ತಿಗೆ, ಪೊಲೀಸರು ಹುಣಸೆಮರ ದಾಟಿ ಹೋಗಿದ್ದರು. ಎರಡು ದಿನಕ್ಕೆ ಬಿಡುತ್ತಾರೆ ಎಂದುಕೊಂಡಳು. ಬಿಡಲಿಲ್ಲ. ಜಾಮೀನು ನಿಲ್ಲಲು ಹೊಲ ಇದ್ದವರು ಬೇಕಂತೆ, ಕುರಿ ನಡೆಯುವುದಿಲ್ಲವಂತೆ.

ಆ ದಿನ ಬುತ್ತಿ ಕೊಟ್ಟು ಸಂಜೆ ಲಕ್ಕಪ್ಪ ತಿರುಗಿ ಬಂದಾಗ ಮಾಯವ್ವ ಕಾಲಿಗೆ ನೀರು ಕೊಟ್ಟು ಕೇಳಿದಳು.

"ಹಿಂಡಿ ಹೆಂಗಿತ್ತಂತ?"

"ಭಾಳ ಸೇರಿತಂತ. ಮೂಗಿನ್ಯಾಗ ನೀರ ಸುರಿಸ್ಕೋಂತ ಉಂಡ್ಲು. ಅಕ್ಕಾಗ ಹೇಳ್ರಿ, ನಾಳಿಗಿ ಇನ್ನೊಂದೀಟ ಜಾಸ್ತಿ ಹಾಕಂತ ಅಂದ್ಲು." ಅವನು ನಕ್ಕ. "ಅಲ್ಲಿ ಕಾಯೂ ಹೆಣಮಗಳಿಗೂ ಒಂದ ಚೂರ ಕೊಟ್ಲು. ಆ ಮುದುಕಿ ಒಂದ ಕೊಡಾ ನೀರ ಕುಡೀತು."

ಒಂದೇ ಉಸಿರಿಗೆ ಇಷ್ಟೊಂದು ಮಾತು. ಮಾಯವ್ವ ತಂಬಿಗೆ ಹಿಡಿದು ನಿಂತೇ ಇದ್ದಳು. ಮುಖ ತೊಳೆಯಲು ಅವನು ರುಮಾಲು ಬಿಚ್ಚಿದಾಗ, ಅದರ ಮಡಿಕೆಯಿಂದ ಒಂದು ಹಣಿಗೆ ಕೆಳಗೆ ಬಿತ್ತು. ಕಟ್ಟಿಗೆಯದು, ಹೊಸದು, ತುದಿಯಲ್ಲಿ ಗಿಳಿ ಕೆತ್ತಿದ್ದು. ಅವನು ಬಗ್ಗಿ ಎತ್ತಿಕೊಂಡ.

"ಅಕಿ ತಲಿ ಗಂಟ ಬಿದ್ದೈತಿ" ಎಂದ, ಹಣಿಗೆಗೆ ಹೇಳುವವನಂತೆ.

ಮಾಯವ್ವ ತನ್ನ ತಲೆಯ ಮೇಲಿನ ಸೆರಗನ್ನು ಮುಂದಕ್ಕೆಳೆದುಕೊಂಡು ಒಳಗೆ ಹೋದಳು. ಅವನ ಕೈಯಿಂದ ತನಗೆ ಬಂದದ್ದೇನು ಎಂದು ಒಲೆಯ ಮುಂದೆ ಕೂತು ನೆನೆಸಿದಳು. ನೆನಪಾದದ್ದು ಒಂದೇ. ಮದುವೆಯಾದ ಮೊದಲ ವರ್ಷ ಕುರಿಗಳ ಹಿಂದೆ ಅವಳೂ ಗೋಕಾಕದ ಆಚೆಯವರೆಗೆ ಹೋಗಿದ್ದಳು. ಹೊಲದ ಬದುವಿನಲ್ಲಿ ಮೂರು ಕಲ್ಲು ಹೂಡಿ ಲಕ್ಕಪ್ಪನೇ ರೊಟ್ಟಿ ಮಾಡಿದ್ದ. ಕುರಿ ಕಾಯುವ ಗಂಡಸರ ರೊಟ್ಟಿ, ಬೆರಳಿನಷ್ಟು ದಪ್ಪ, ಅರ್ಧ ಬೂದಿ. ಒಂದರ ನಡುವೆ ಮೂರು ಬೆರಳು ಒತ್ತಿ, "ಇದು ನಿಂದು" ಎಂದಿದ್ದ. ಹಲ್ಲಿಗೆ ಬೂದಿ ಕರಕರ ಅನ್ನುತ್ತಿದ್ದರೂ ಅವಳು ಒಂದು ಚೂರೂ ಬಿಡದೆ ತಿಂದಿದ್ದಳು. ಮುಂದಿನ ವರ್ಷದಿಂದ ಮನೆಯಲ್ಲಿ ಮರಿಗಳನ್ನು ನೋಡಿಕೊಳ್ಳುವವರು ಬೇಕೆಂದು ಅವಳು ಉಳಿದಳು.

ಎರಡು ದಿನ ಬಿಟ್ಟು ಕೋರ್ಟಿನಲ್ಲಿ ಖಟ್ಲೆಯ ತಾರೀಕು. ಅಂದು ಬೆಳಿಗ್ಗೆ ಬುತ್ತಿಯ ಗಂಟು ಅವನ ಕೈಗೆ ಕೊಡದೆ ತನ್ನ ಕಂಕುಳಲ್ಲೇ ಇಟ್ಟುಕೊಂಡಳು.

"ನಾನೂ ಬರ್ತೇನಿ."

"ನೀ ಯಾಕ? ಕುರಿ?"

"ಕುರಿ ಬಾಜೂದವ್ರು ನೋಡ್ತಾರ. ನಾನೂ ನೋಡಿ ಬರ್ತೇನಿ. ದಿನಾ ನೀವಷ್ಟ ನೋಡಿದ್ರ ಆತೇನು?"

ದಾರಿಯುದ್ದಕ್ಕೂ ಅವನು ಮುಂದೆ, ಅವಳು ಹತ್ತು ಹೆಜ್ಜೆ ಹಿಂದೆ. ಹುಕ್ಕೇರಿ ಹತ್ತಿರವಾದಂತೆ ಅವನ ಕಾಲು ಜೋರಾಯಿತು. ಕಚೇರಿಯ ಹಿಂದೆ ಕಲ್ಲಿನ ಗೋಡೆ, ಅದರಲ್ಲೊಂದು ಸರಳಿನ ಕಿಟಕಿ. ಕಿಟಕಿಯ ಬಳಿ ಒಬ್ಬ ಮುದುಕಿ ಎಲೆಅಡಿಕೆ ಮೆಲ್ಲುತ್ತ ಕೂತಿದ್ದಳು. ಅವಳೇ ಯಮನವ್ವ. ಹೆಣ್ಣು ಕೈದಿ ಇದ್ದಷ್ಟು ದಿನ ಮಾತ್ರ ಅವಳಿಗೆ ನೌಕರಿ. ಕೈದಿಯನ್ನು ಬಿಟ್ಟರೆ ಅವಳೂ ಮನೆಗೆ ಹೋಗಬೇಕು.

"ಬರ್ರಿ ಸಾವಕಾರ" ಎಂದು ಲಕ್ಕಪ್ಪನಿಗೆ ದಾರಿ ಬಿಟ್ಟಳು. ಮಾಯವ್ವನನ್ನು ನೋಡಿ, "ನೀ ಯಾರವ್ವ, ಅವನ ಅಕ್ಕೇನು?" ಎಂದು ಕೇಳಿದಳು.

ಮಾಯವ್ವ ಬುತ್ತಿಯ ಗಂಟನ್ನು ಲಕ್ಕಪ್ಪನ ಕೈಗೆ ಕೊಟ್ಟಳು. ಯಮನವ್ವನಿಗೆ ಉತ್ತರ ಬೇಕಾಗಿಯೂ ಇರಲಿಲ್ಲ. "ನೋಡವ್ವಾ, ಒಂದ ದಿನಾ ತಪ್ಪಸಿಲ್ಲ ಇಂವಾ. ನನ್ನ ಗಂಡ ಜೀವ ಇರೂತನಕ ನನಗ ಒಂದ ತಂಬಿಗಿ ನೀರ ಕೊಟ್ಟಾಂವಲ್ಲ. ಇಂಥಾ ಗಂಡ ದಿನಾ ಬುತ್ತಿ ತರ್ತಾನಂದ್ರ ನಾನೂ ಯಾರದರ ಒಂದ ಕಾಲ ಮುರದ ಒಳಗ ಕುಂದರತೇನಿ!" ಎಂದು ನಕ್ಕು, ಗೋಡೆಯ ಬುಡಕ್ಕೆ ಉಗುಳಿದಳು.

ಕಿಟಕಿಯ ಕಟ್ಟೆಯ ಮೇಲೆ ಉಳ್ಳಾಗಡ್ಡಿ ಇಟ್ಟು ಲಕ್ಕಪ್ಪ ಮುಷ್ಟಿಯಿಂದ ಗುದ್ದಿದ. ಹೊರಗಿನ ಒಣ ಪದರನ್ನು ಕಿತ್ತು, ಒಳಗಿನ ಎಳೆಯದನ್ನು ಬಿಡಿಸಿ ಸರಳುಗಳ ನಡುವೆ ಕೊಟ್ಟ. ಒಳಗಿನಿಂದ ಬಳೆ ತೊಟ್ಟ ಕೈ ಬಂದು ತೆಗೆದುಕೊಂಡಿತು. ಶೆಟ್ಟೆವ್ವನ ತಲೆ ನೀಟಾಗಿ ಬಾಚಿತ್ತು. ಗಲ್ಲ ತುಂಬಿಕೊಂಡಿದ್ದುವು. ಕೂತಲ್ಲಿಗೇ ಬಂದ ರೊಟ್ಟಿ ತಿಂದು ದಪ್ಪಾಗ್ಯಾಳ ಎಂದು ಮಾಯವ್ವ ಮನಸ್ಸಿನಲ್ಲೇ ಅಂದುಕೊಂಡಳು. ಅಷ್ಟರಲ್ಲಿ ಶೆಟ್ಟೆವ್ವ ಅವಳನ್ನು ಕಂಡಳು.

"ಅಕ್ಕಾ! ನೀನೂ ಬಂದಿ? ಕೈ ಹೆಂಗೈತಿ? ಮಾಯ್ತೇನು?"

ಮಾಯವ್ವನ ಕೈ ತಾನಾಗಿಯೇ ಸೆರಗಿನೊಳಗೆ ಹೋಯಿತು. ಲಕ್ಕಪ್ಪ ತಲೆ ಎತ್ತಲಿಲ್ಲ. ಉಳ್ಳಾಗಡ್ಡಿಯ ಸಿಪ್ಪೆಯನ್ನು ಒಂದೊಂದಾಗಿ ಕಟ್ಟೆಯಿಂದ ಆರಿಸುತ್ತಿದ್ದ.

ಶೆಟ್ಟೆವ್ವನಿಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಇವಳು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಅವನು ಮನೆಯಲ್ಲಿ ಒಂದು ಮಾತು ಕೇಳಿರಲಿಲ್ಲ. ಇಲ್ಲಿ, ಈ ಸರಳುಗಳ ಆಚೆ ಈಚೆ ಕೂತು, ಮಾಯವ್ವ ಬಡಿದ ರೊಟ್ಟಿಯನ್ನು ಮುರಿಯುತ್ತ, ಇಬ್ಬರೂ ಅವಳ ಕೈಯ ಮಾತು ಆಡಿಕೊಂಡಿದ್ದರು. ಹಿರೇಕಿ ಹೆದರ್ಯಾಳ, ಪಾಪ, ಇರ್ಲಿ ಬಿಡು ಅಂದಿರಬೇಕು. ತನ್ನನ್ನು ಬಿಟ್ಟು ಅವರಿಬ್ಬರ ನಡುವೆ ಇಷ್ಟು ದೊಡ್ಡದೊಂದು ಗುಟ್ಟು. ಮಾಯವ್ವನ ಎದೆಯಲ್ಲಿ ಆವತ್ತು ಕಲಸಿದ ಹಿಂಡಿಯೇ ಉರಿದಂತಾಯಿತು.

"ಮಾದೈತಿ" ಎಂದಳು.

ಮಾಮಲೇದಾರರ ಕೋರ್ಟಿನಲ್ಲಿ ಮೇಜಿನ ಮೇಲೆ ಸಾಕ್ಷಿಗೆಂದು ಜಪ್ತಿ ಮಾಡಿ, ಮುದ್ದೆಮಾಲು ಎಂದು ಚೀಟಿ ಅಂಟಿಸಿದ ಕಂಬಳಿ ಇತ್ತು. ಸಾತಪ್ಪ ಬಗಲಲ್ಲಿ ಕೋಲು ಇಟ್ಟುಕೊಂಡು ಬಂದು ತಾನು ಕಂಡದ್ದನ್ನು ಹೇಳಿದ. ಮಾಮಲೇದಾರರು ಶೆಟ್ಟೆವ್ವನ ಕಡೆ ತಿರುಗಿದರು.

"ಗುನ್ಹೆ ಕಬೂಲ ಐತೇನವಾ?"

ಶೆಟ್ಟೆವ್ವ ತಲೆ ಎತ್ತಿದಳು. ಅವಳ ಒಂದು ಕಣ್ಣು ಮೇಜಿನ ಕಡೆ, ಇನ್ನೊಂದು ಬಾಗಿಲ ಕಡೆ.

"ಯಾರನ್ನ ನೋಡಾಕತ್ತಿ? ನಾ ಇಲ್ಲಿದ್ದೇನಿ."

ಜನ ನಕ್ಕರು. ಹಿಂದೆ ಗೋಡೆಗೆ ಒರಗಿ ನಿಂತಿದ್ದ ಲಕ್ಕಪ್ಪ ನಗಲಿಲ್ಲ. ಅವನ ಮುಖವನ್ನು ಮಾಯವ್ವ ನೋಡಿದಳು. ಕುರಿಮರಿಯ ಕಾಲಿನಿಂದ ಮುಳ್ಳು ತೆಗೆಯುವಾಗ ಅವನ ಮುಖ ಹಾಗಾಗುತ್ತಿತ್ತು. ಇವಳಿಗೆ ಶಿಕ್ಷೆಯಾದರೆ ಈ ಮುಖ ಹೀಗೆಯೇ ಉಳಿಯುತ್ತದೆ. ದಿನವೂ ಇದೇ ಮುಖ ಹೊತ್ತು ಇವನು ಹುಕ್ಕೇರಿಗೆ ಬರುತ್ತಾನೆ. ತಾನು ಬುತ್ತಿ ಕಟ್ಟುತ್ತಲೇ ಇರಬೇಕು.

"ಅಕಿ ಅಲ್ರಿ" ಎಂದು ಯಾರೋ ಅಂದರು. ಅಂದವಳು ತಾನೇ ಎಂದು ಮಾಯವ್ವನಿಗೆ ತಿಳಿದದ್ದು ಎಲ್ಲರೂ ತಿರುಗಿದ ಮೇಲೆ.

"ಯಾರು ನೀನು?"

"ಹೇಂತ್ರಿ."

"ಯಾರ ಹೇಂತಿ?"

ಹತ್ತು ವರ್ಷದಲ್ಲಿ ಅವಳ ನಾಲಿಗೆ ಆ ಹೆಸರನ್ನು ಮುಟ್ಟಿರಲಿಲ್ಲ. ಮದುವೆಯ ದಿನ ಬಾಗಿಲು ತಡೆದು ಹೆಂಗಸರು ಕೇಳಿದಾಗಲೂ ಸೆರಗು ಕಚ್ಚಿ ನಿಂತಿದ್ದಳು. ಕಾರಕೂನ ಲೇಖನಿ ಎತ್ತಿಕೊಂಡು ಕಾಯುತ್ತಿದ್ದ.

"ಹೆಸರ ಹೇಳಬೇಕವಾ. ದಫ್ತರದಾಗ ಬರೀಬೇಕು."

"ಲಕ್ಕಪ್ಪ" ಎಂದಳು. ಕಾರಕೂನ ಬರೆದುಕೊಂಡ. "ಲಕ್ಕಪ್ಪನ ಹೇಂತಿ ನಾನ್ರಿ. ಹಿರೇಕಿ. ಕೊಂಡವಾಡ ತಗದಾಕಿ ನಾನು. ಮರಿ ಹಸದಿದ್ದುವು. ಈ ಸಾತಪ್ಪ ಗಳಾ ಬಿಡಲಿಲ್ಲ, ನಾನೂ ಬಿಡಲಿಲ್ಲ. ಕಾಲ ಮುರೀಬೇಕಂತ ಮುರದಿಲ್ರಿ." ಸೆರಗಿನಿಂದ ಕೈ ತೆಗೆದು ಅಂಗೈ ತೋರಿಸಿದಳು. "ತಗಡ ಹತ್ತಿದ್ದ ನೋಡ್ರಿ. ಅಕೀನ ಕೈ ನೋಡ್ರಿ, ಏನೈತಿ ಅದರಾಗ? ಬಳಿ ಅಷ್ಟ."

ಸಾತಪ್ಪ ಕೋಲೂರಿಕೊಂಡು ಹತ್ತಿರ ಬಂದು ಆ ಅಂಗೈಯನ್ನು ಬಹಳ ಹೊತ್ತು ನೋಡಿದ. "ಹೌದ್ರಿ ಸಾಹೇಬ್ರ" ಎಂದ. "ಎಡಗಡೆ ತಗಡು. ಬಾಯಿ ತೆರದೈತಿ ಅದು."

ಮಾಯವ್ವ ತಿರುಗಿ ಗೋಡೆಯ ಕಡೆ ನೋಡಿದಳು. ಲಕ್ಕಪ್ಪನ ರುಮಾಲು ಮಾತ್ರ ಕಂಡಿತು. ಅವನು ತಲೆ ಬಗ್ಗಿಸಿದ್ದ.

ಊಟದ ಹೊತ್ತಿನ ಮೇಲೆ ಶಿಕ್ಷೆ ಹೇಳಿದರು. ನಾಲ್ಕು ತಿಂಗಳು. ಹೊರಗೆ ವರಾಂಡದಲ್ಲಿ ಶೆಟ್ಟೆವ್ವ ಅವಳ ಸೆರಗು ಹಿಡಿದುಕೊಂಡು ಅತ್ತಳು. "ಯಾಕ ಹೇಳಿದೆಕ್ಕಾ? ನನಗೇನ ಆಗಿತ್ತಲ್ಲಿ? ಉಂಡ ಮಲಗತಿದ್ನಿ."

"ಗೊತ್ತೈತಿ. ಸಾಕ ಬಿಡ" ಎಂದು ಮಾಯವ್ವ ಸೆರಗು ಬಿಡಿಸಿಕೊಂಡಳು. "ಮರಿಗೋಳ ಕಡೆ ಲಕ್ಷ್ಯ ಇರ್ಲಿ. ನಾಳಿ ಬೆಳಿಗ್ಗೆ ಲಗೂನ ಎದ್ದು ಬುತ್ತಿ ಕಟ್ಟು. ರೊಟ್ಟಿ ತೆಳ್ಳಗ ಬಡಿ. ಹಿಂಡಿಗಿ ಖಾರ ಕಡಿಮಿ ಹಾಕು, ನನಗ ಸೇರೂದಿಲ್ಲ."

ಪೊಲೀಸ ಹನಮಂತ ಅವಳನ್ನು ಅದೇ ಕೋಣೆಗೆ ಕರೆದೊಯ್ದ. ಗೋಡೆಯ ಮೇಲೆ ಶೆಟ್ಟೆವ್ವ ಇದ್ದಲಿಯಿಂದ ಎಳೆದ ಇಪ್ಪತ್ಮೂರು ಗೆರೆಗಳಿದ್ದುವು. ಗೂಡಿನಲ್ಲಿ ಗಿಳಿಯ ಹಣಿಗೆ ಮರೆತುಹೋಗಿತ್ತು, ಹಲ್ಲುಗಳ ನಡುವೆ ಉದ್ದನೆಯ ಕೂದಲು. ಮಾಯವ್ವ ಅದನ್ನು ಮುಟ್ಟಲಿಲ್ಲ. ಕಿಟಕಿಯ ಬಳಿ, ಶೆಟ್ಟೆವ್ವ ಕೂರುತ್ತಿದ್ದಲ್ಲಿಯೇ, ಸರಳಿಗೆ ಭುಜ ತಾಗಿಸಿ ಕೂತುಕೊಂಡಳು.

"ಒಬ್ಬಾಕಿ ಹ್ವಾದ್ಲು, ಒಬ್ಬಾಕಿ ಬಂದ್ಲು" ಎಂದು ಯಮನವ್ವ ಹೊರಗಿನಿಂದ ಇಣುಕಿದಳು. "ಒಂದಿನಾನರ ನನ್ನ ನೌಕರಿ ಉಳೀತು. ಅಲ್ಲವ್ವಾ, ನೀ ಅವನ ಹಿರೀ ಹೇಂತಿ ಅಂತ ಮೊದಲ ಹೇಳಬಾರದೇನು? ನಾ ಏನೇನರ ಅಂದ್ನಿ."

"ನಾಳಿ ಬುತ್ತಿ ಎಷ್ಟೊತ್ತಿಗಿ ಒಳಗ ಬಿಡ್ತಾರ?"

"ಯಾರ ಬುತ್ತಿ?"

"ನಂದು."

ಯಮನವ್ವ ಎಲೆಗೆ ಸುಣ್ಣ ಹಚ್ಚುತ್ತಿದ್ದ ಬೆರಳನ್ನು ನಿಲ್ಲಿಸಿದಳು. "ನಿನಗೆಲ್ಲಿ ಬುತ್ತಿ? ಖಟ್ಲೆ ನಡದಿರೂತನಕ ಅಷ್ಟ ಮನಿ ಬುತ್ತಿ. ಶಿಕ್ಷಾ ಆದ ಮ್ಯಾಲ ಸರಕಾರ ಹಾಕಿದ್ದ ಉಣ್ಣೂದು. ನಾಳಿ ಮೋಟಾರಿಗಿ ನಿನ್ನ ಬೆಳಗಾವಿ ಜೇಲಿಗಿ ಒಯ್ತಾರ. ಗಾಂಧಿ ಮಂದಿನ್ನ ಹಾಕಿ ತುಂಬ್ಯಾರ ಅಲ್ಲಿ. ಹೊರಗಿಂದ ಒಂದ ಕಾಳ ಬಿಡಾಂಗಿಲ್ಲ. ಯಾರೂ ಹೇಳಲಿಲ್ಲೇನು ನಿನಗ?"

ಮಾಯವ್ವ ಸರಳಿನಿಂದ ಭುಜ ತೆಗೆದಳು. ಕಿಟಕಿಯ ಕಟ್ಟೆಯ ಸಂದಿಯಲ್ಲಿ ಉಳ್ಳಾಗಡ್ಡಿಯ ಒಂದು ಒಣ ಸಿಪ್ಪೆ ಸಿಕ್ಕಿಕೊಂಡಿತ್ತು. ಅದನ್ನು ಉಗುರಿನಿಂದ ತೆಗೆಯಲು ನೋಡಿದಳು, ಬರಲಿಲ್ಲ.

ಬೆಳಿಗ್ಗೆ ಎದ್ದು, ಗೂಡಿನ ಹಣಿಗೆ ತೆಗೆದುಕೊಂಡು, ಅದರಲ್ಲಿದ್ದ ಕೂದಲನ್ನೆಲ್ಲ ಕಿತ್ತು ಹಾಕಿ ತಲೆ ಬಾಚಿಕೊಂಡಳು. ಕಚೇರಿಯ ಮುಂದೆ ಇದ್ದಲಿ ಮೋಟಾರು ನಿಂತಿತ್ತು. ಯುದ್ಧ ಶುರುವಾದಾಗಿನಿಂದ ಪೆಟ್ರೋಲು ಸಿಗದೆ ಅದರ ಹಿಂದೆ ಪೀಪಾಯಿ ಕಟ್ಟಿ ಇದ್ದಲಿ ಉರಿಸುತ್ತಿದ್ದರು. ಕ್ಲೀನರು ಪಂಖದ ಹಿಡಿಕೆ ತಿರುಗಿಸುತ್ತಲೇ ಇದ್ದ. ಇಂಜಿನು ಕೆಮ್ಮಿ ಕೆಮ್ಮಿ ಆರುತ್ತಿತ್ತು. ಹನಮಂತ ಅವಳನ್ನು ಕಿಟಕಿಯ ಪಕ್ಕ ಕೂರಿಸಿದ. ಜೊತೆಗೆ ಬರುವ ಯಮನವ್ವ ಬೆಳಗಾವಿ ನೋಡುವ ಖುಷಿಯಲ್ಲಿ ತೊಳೆದ ಸೀರೆ ಉಟ್ಟಿದ್ದಳು.

ಪಂಖ ಇನ್ನೂ ತಿರುಗುತ್ತಿರುವಾಗಲೇ ಲಕ್ಕಪ್ಪ ಬಂದ. ಒಬ್ಬನೇ. ಮೊಣಕಾಲಿನವರೆಗೂ ಧೂಳು. ಕಂಕುಳಲ್ಲಿ ಗಂಟು.

"ಬುತ್ತಿ ತಂದೇನ್ರಿ" ಎಂದು ಹನಮಂತನಿಗೆ ಹೇಳಿದ.

"ಈಗ ನಡಿಯಾಂಗಿಲ್ಲೋ ಮಾರಾಯಾ. ಶಿಕ್ಷಾ ಆಗೈತಿ. ಕಾಯ್ದೆ."

"ಒಂದ ರೊಟ್ಟಿ ಕೊಡತೇನ್ರಿ."

"ಅರ್ಧಾನೂ ಇಲ್ಲ. ಸುಮ್ನ ನನ್ನ ನೌಕರಿಗಿ ಸಂಚಕಾರ ತರಬ್ಯಾಡ. ನೀನ ಉಂಡ ಬಿಡು, ದೂರಿಂದ ಬಂದಿ."

ಲಕ್ಕಪ್ಪ ಗಂಟು ಹಿಡಿದುಕೊಂಡು ಮೋಟಾರಿನ ಕಿಟಕಿಯ ಕೆಳಗೆ ಬಂದು ನಿಂತ. ಏನು ಕೇಳಬೇಕೆಂದು ಮಾಯವ್ವ ಯೋಚಿಸಿರಲಿಲ್ಲ. ಬಾಯಿಗೆ ಬಂದದ್ದು ಅದೇ.

"ಅಕಿ ಏನ ಮಾಡಾಕತ್ತಾಳು?"

"ಮಲಗ್ಯಾಳು. ಎಬ್ಬಸಲಿಲ್ಲ."

ಅವಳು ಮುಖ ತಿರುಗಿಸಿದಳು. ಎಬ್ಬಿಸಲಿಲ್ಲವಂತೆ. ತನ್ನನ್ನು ಇಪ್ಪತ್ಮೂರು ದಿನ ಕೋಳಿ ಕೂಗುವ ಮೊದಲೇ ಎಬ್ಬಿಸಿದ್ದ. ಮಲಗಲಿ, ಚೆನ್ನಾಗಿ ಮಲಗಲಿ. ಹಾಗಂದುಕೊಂಡ ಮೇಲೆ ಅವಳಿಗೆ ಇನ್ನೊಂದು ಹೊಳೆಯಿತು. ತಿರುಗಿ ಗಂಟಿನ ಕಡೆ ನೋಡಿದಳು. ಅದು ಶೆಟ್ಟೆವ್ವನ ಗಂಟಾಗಿರಲಿಲ್ಲ. ಕುರಿಮರಿಗೆ ಹಗ್ಗ ಹಾಕುವಂತೆ ಒಂದೇ ಸುತ್ತು ಸುತ್ತಿ ಬಿಟ್ಟಿತ್ತು. ಸಡಿಲಾದ ಬಟ್ಟೆಯ ಸಂದಿಯಿಂದ ರೊಟ್ಟಿಯ ಅಂಚು ಕಾಣುತ್ತಿತ್ತು, ಬೆರಳಿನಷ್ಟು ದಪ್ಪ, ಒಂದು ಕಡೆ ಕರಕಾದದ್ದು. ಅವನು ಗಂಟನ್ನು ಈ ಕೈಯಿಂದ ಆ ಕೈಗೆ ಬದಲಿಸಿದಾಗ ಬಟ್ಟೆ ಇನ್ನಷ್ಟು ಸರಿಯಿತು. ರೊಟ್ಟಿಯ ನಡುವೆ ಮೂರು ಕುಳಿಗಳಿದ್ದುವು.

ಇಂಜಿನು ಹತ್ತಿತು. ಕ್ಲೀನರು ಓಡಿಬಂದು ಹತ್ತಿಕೊಂಡ.

"ಕೈ ಹೆಂಗೈತಿ?" ಎಂದ ಲಕ್ಕಪ್ಪ.

ಅವಳು ಅಂಗೈಯನ್ನು ಕಿಟಕಿಯ ಹೊರಗೆ ಚಾಚಿದಳು. ಅವನು ನೋಡಿದ. ಅಷ್ಟರಲ್ಲಿ ಮೋಟಾರು ಹೊರಟಿತು. ಹೊಗೆ ಇಬ್ಬರ ನಡುವೆ ತುಂಬಿಕೊಂಡಿತು.

"ಕೈ ಒಳಗ ತಗೋಳವ್ವಾ" ಎಂದಳು ಯಮನವ್ವ. ಅವಳು ತೆಗೆದುಕೊಳ್ಳಲಿಲ್ಲ.

ಹೊಗೆ ಚದುರಿದಾಗ ಅವನು ಕಚೇರಿಯ ಕಟ್ಟೆಯ ಮೇಲೆ ಕೂತಿದ್ದ. ಗಂಟು ತೊಡೆಯ ಮೇಲಿತ್ತು. ಮೋಟಾರು ಬೆಳಗಾವಿಯ ರಸ್ತೆಗೆ ತಿರುಗುವವರೆಗೂ ಅವನು ಅದನ್ನು ಬಿಚ್ಚಲಿಲ್ಲ.